ಕೈಗಡಿಯಾರದೊಳಗಿನ ವಿಮಾನ

ಹತ್ತಿಯ ಮೇಲೆ ಕೆಂಪು ಚುಕ್ಕೆ, ಕಡಲೆಕಾಳಿನಷ್ಟು, ಇಷ್ಟಕ್ಕೇ ಅಷ್ಟೊಂದು ರಂಪ, ಸಾಲಿನಿಂದ ಎಳೆತಂದು ವಿಮಾನ ನಿಲ್ದಾಣದ ಡಾಕ್ಟರಮ್ಮನ ಎದುರು ಕೂರಿಸಿದ್ದಾರೆ, ಮುಂದಕ್ಕೆ ಬಗ್ಗಿ ಸಾರ್, ಮೂಗು ಒತ್ತಿ ಹಿಡ್ಕೊಳ್ಳಿ, ಮೇಷ್ಟ್ರು ಹಿಡಿದುಕೊಂಡರು — ಕಡಲಲ್ಲಿ ಮುಳುಗುವುದನ್ನು ಇಪ್ಪತ್ತು ವರ್ಷ ಕಲಿಸಿದವರಿಗೆ ಮೂಗು ಹಿಡಿಯುವ ಪಾಠ — ನೀರಿನ ಒತ್ತಡಕ್ಕೆ ಇಷ್ಟು ರಕ್ತ ಬರುವುದು ಮಾಮೂಲು, ಮೂಗಿರೋ ತನಕ ನೆಗಡಿ ತಪ್ಪಲ್ಲ ಎಂದು ಶಿಷ್ಯರನ್ನು ನಗಿಸಿದ್ದೇ ಅವರು, ಅಪಾಯವಿರುವುದು ಮೂಗಿನಲ್ಲಲ್ಲ, ತೋಳಿನ ಬಟ್ಟೆಯ ಕೆಳಗೆ, ಡೈವಿಂಗ್ ಗಡಿಯಾರದಲ್ಲಿ, ಒಂದು ಪುಟ್ಟ ವಿಮಾನ, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಆರು ಗಂಟೆ, ಹಾರಲು ಇನ್ನೂ ಅಷ್ಟು ಹೊತ್ತು ಕಾಯಬೇಕು. ನಿನ್ನೆ ಮೂರಕ್ಕೆ ನೀರಿನಿಂದ ಎದ್ದದ್ದು, ಸುದ್ದಿ ಬಂದದ್ದು ಸಂಜೆ, ಅಮ್ಮ ನಿನ್ನನ್ನೇ ಕೇಳ್ತಿದ್ದಾಳೆ ಕಣೋ, ಬೆಳಗಿನ ವಿಮಾನ ತಪ್ಪಿಸ್ಕೋಬೇಡ, ನಾಳೆ ಸಂಜೆ ತನಕ ಅನುಮಾನ ಅಂದಿದ್ದಾರೆ ಆಸ್ಪತ್ರೆಯವರು, ಫೋನಿನಲ್ಲಿ ಅಕ್ಕ ಅಳುತ್ತಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು.

ರಕ್ತ ನಿಂತಿದೆ ಸಾರ್, ಸಣ್ಣ ರಕ್ತನಾಳ ಒಡೆದಿತ್ತು ಅಷ್ಟೆ, ಜೋರಾಗಿ ಸೀನಬೇಡಿ, ನೀರು ಕುಡೀತಾ ಇರಿ, ಆರಾಮಾಗಿ ಹೋಗ್ಬನ್ನಿ — ಅಂದಹಾಗೆ ಡೈವಿಂಗ್ ಅಂದ್ರಲ್ಲ, ಕೊನೇ ಸಲ ಇಳಿದಿದ್ದು ಯಾವಾಗ? ನಿನ್ನೆ ಬೆಳಿಗ್ಗೆ ಅಂದರಾಯಿತು, ಎರಡೇ ಮಾತು, ನಾಲಿಗೆಯ ತುದಿಗೆ ಬಂದು ನಿಂತಿವೆ, ಆದರೆ ಹೋದ ವರ್ಷ ಡೈವಿಂಗ್ ಕಲಿಯಲು ಬಂದಿದ್ದ ಆ ಬಡಗಿ, ಅವನ ಅಪ್ಪ ಆಸ್ಪತ್ರೆಯಲ್ಲಿ, ನನಗೇನೂ ಆಗಲ್ಲ ಬಿಡಿ ಸಾರ್, ಆಗಲ್ಲ ಅನ್ನೋರಿಗೇ ಆಗೋದು ಕೂತ್ಕೋ, ವಿಮಾನ ಮೇಲೆ ಹೋದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತೆ, ನೀರಿಂದ ಎದ್ದ ಮೇಲೆ ಇಪ್ಪತ್ನಾಲ್ಕು ಗಂಟೆ ಅಂದ್ರೆ ಇಪ್ಪತ್ನಾಲ್ಕು, ಅವನ ಟಿಕೆಟ್ ಕಿತ್ತುಕೊಂಡು ಮೇಷ್ಟ್ರು ಜೇಬಿಗೆ ಹಾಕಿಕೊಂಡಿದ್ದರು, ಅವನು ಊರು ಮುಟ್ಟಿದಾಗ ಎರಡು ಗಂಟೆ ತಡ, ಎಲ್ಲ ಮುಗಿದಿತ್ತು. ತಿರುಗಿ ಬಂದವನು ಬೈಯಲಿಲ್ಲ, ಡೈವಿಂಗ್ ಶಾಲೆಗೊಂದು ಬೆಂಚು ಮಾಡಿಕೊಟ್ಟ, ಕಾಯೋರಿಗೆ ಬೇಕಾಗುತ್ತೆ ಸಾರ್, ಅಂಚುಗಳನ್ನೆಲ್ಲ ನುಣ್ಣಗೆ ತಿಕ್ಕಿದ್ದ, ಮೇಷ್ಟ್ರು ಒಮ್ಮೆಯೂ ಅದರ ಮೇಲೆ ಕೂತಿಲ್ಲ, ಅಮ್ಮನ ಮುಖ ನೋಡಬೇಕು, ಬೇರೇನೂ ಬೇಡ, ಹೇಳಿಬಿಡು, ನಿನ್ನೆ ಬೆಳಿಗ್ಗೆ, ಹಾಗಾದರೆ ಅವನನ್ನು ಯಾಕೆ ಕೂರಿಸಿದೆ —

ಸಾರ್? ಮೇಷ್ಟ್ರು ಅಂಗಿಯ ತೋಳು ಮೇಲಕ್ಕೆ ಸರಿಸಿದರು, ನಿನ್ನೆ ಮಧ್ಯಾಹ್ನ ಮೂರಕ್ಕೆ ಡಾಕ್ಟ್ರೇ, ಡಾಕ್ಟರಮ್ಮನ ಪೆನ್ನು ನಿಂತಿತು, ಅಯ್ಯೋ ಹಾಗಾದ್ರೆ ಇವತ್ತು ಈ ವಿಮಾನ ಹತ್ತೋ ಹಾಗಿಲ್ಲ ಸಾರ್, ಜೇಬಿನಲ್ಲಿ ಫೋನು ನಡುಗುತ್ತಿದೆ, ಅಕ್ಕನೇ ಇರಬೇಕು, ತೆಗೆಯಬೇಕು, ಕಣ್ಣು ಗಡಿಯಾರದ ಮೇಲೇ, ಇನ್ನೂ ಐದು ಗಂಟೆ ಐವತ್ತೆಂಟು ನಿಮಿಷ, ಪುಟ್ಟ ವಿಮಾನ, ಅಡ್ಡಗೆರೆ, ಐವತ್ತೇಳು, ಪುಟ್ಟ ವಿಮಾನ, ಅಡ್ಡಗೆರೆ