ಸುಮ್ನಿರಮ್ಮನ ಗೆಳತಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತಿದ್ದರು. ಬೆಣ್ಣೆ ಹಚ್ಚುವುದೇ ಅವಳ ಉದ್ಯೋಗವಾಗಿದ್ದರಿಂದ ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ.

ಅವಳ ಕಂಪನಿ ಸೊಲ್ಲು ಎಂಬ ಬ್ಲಾಗ್ ತಾಣ ನಡೆಸುತ್ತಿತ್ತು. ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಓದಿದವರು ಮೆಚ್ಚುಗೆ ಒತ್ತಿದರೆ ಬರೆದವರ ಖಾತೆಗೆ ಕ್ರಿಪ್ಟೊ ಕಾಯಿನ್ ಬೀಳುತ್ತಿತ್ತು. ಕಾಯಿನ್ನಿನ ಬೆಲೆ ಏರುತ್ತಿದ್ದ ಕಾಲಕ್ಕೆ ಜನ ನಾಮುಂದು ತಾಮುಂದು ಎಂದು ಬರೆದರು. ಬೆಲೆ ಇಳಿದದ್ದೇ ತಡ, ಒಬ್ಬೊಬ್ಬರಾಗಿ ಕಾಲು ಕಿತ್ತರು. ಬರೆಯುವವರು ಹೋದರೆ ಓದುವವರೂ ಹೋಗುತ್ತಾರೆ, ಓದುವವರು ಹೋದರೆ ಕಾಯಿನ್ನಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಹಾಗಾಗಿ ಕಂಪನಿ ಒಂದು ತಂಡ ಕಟ್ಟಿತು. ಯಾರು ಬರೆಯುವುದನ್ನು ಬಿಡುವ ಹಾಗೆ ಕಾಣುತ್ತಾರೋ ಅವರ ಹೆಸರು ತಂಡದವರ ಪರದೆಯ ಮೇಲೆ ಕೆಂಪಾಗುತ್ತಿತ್ತು. ತಂಡದವರು ಓದುಗರ ವೇಷದಲ್ಲಿ ಹೋಗಿ, ಹೊಗಳಿ, ಕೆಣಕಿ, ಕಷ್ಟಸುಖ ವಿಚಾರಿಸಿ ಅವರನ್ನು ಮತ್ತೆ ಬರೆಯಲು ಕೂರಿಸಬೇಕು.

ತಂಡದ ಮುಖ್ಯಸ್ಥನಿಗೆ ಗ್ರಾಫಣ್ಣ ಎಂದು ಅಡ್ಡಹೆಸರು. ಅವನು ಎದುರಿಗಿದ್ದವರ ಮುಖ ನೋಡಿ ಮಾತಾಡಿದ್ದನ್ನು ಕಂಡವರಿಲ್ಲ. ಕಣ್ಣು ಯಾವಾಗಲೂ ಗೋಡೆಯ ದೊಡ್ಡ ಪರದೆಯ ಮೇಲೆ ಹತ್ತಿಳಿಯುವ ಗೆರೆಯಲ್ಲೇ ನೆಟ್ಟಿರುತ್ತಿತ್ತು.

ಬೆಣ್ಣೆಗೆ ಹಲವು ವೇಷಗಳಿದ್ದವು. ಒಬ್ಬ ನಿವೃತ್ತ ಮೇಷ್ಟರು, ಒಬ್ಬ ಕಾಲೇಜು ಹುಡುಗಿ, ಹೀಗೆ. ಆದರೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು 'ಕಿಟಕಿ ಗೆಳತಿ'. ವಯಸ್ಸಾದ ಹೆಂಗಸರ ಹತ್ತಿರ ಅಕ್ಕಾ ಅಕ್ಕಾ ಎಂದು ಮಾತಿಗಿಳಿದರೆ ಅವರು ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತಿದ್ದರು. ಅಂಥವರಲ್ಲಿ 'ಸುಮ್ನಿರಮ್ಮ' ಎಂಬ ಹೆಸರಿನಲ್ಲಿ ಬರೆಯುವಾಕೆಯೂ ಒಬ್ಬಳು. ಆಕೆ ಬರೆಯುತ್ತಿದ್ದುದು ತನ್ನ ಸೊಸೆಯ ಬಗ್ಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮನೆಗೆ ಬಂದರೂ ಫೋನಿನಿಂದ ತಲೆ ಎತ್ತದ, ಅನ್ನ ಸೀದರೂ ಮೂಗಿಗೆ ತಿಳಿಯದ ಸೊಸೆ. ಬರಹ ಎಷ್ಟು ಚುರುಕಾಗಿತ್ತೆಂದರೆ ಬೆಣ್ಣೆ ಒಬ್ಬಳೇ ಕೂತು ನಕ್ಕಿದ್ದುಂಟು. ಅಂಥ ಸೊಸೆ ಸಿಕ್ಕರೆ ಯಾರ ಬಾಯಿ ತಾನೇ ಸುಮ್ಮನಿರುತ್ತದೆ ಎಂದುಕೊಂಡಿದ್ದಳು.

ಬೆಣ್ಣೆಯ ಸ್ವಂತ ಮನೆಯಲ್ಲೂ ಅತ್ತೆ ಇದ್ದರು. ಮಾತು ಕಡಿಮೆ. ಮಗ ಕೊಡಿಸಿದ ಟ್ಯಾಬ್ಲೆಟ್ ಹಿಡಿದುಕೊಂಡು ಬಾಲ್ಕನಿಯಲ್ಲಿ ಕೂತರೆ ಕೂತರು, ವಿಡಿಯೋ ನೋಡುತ್ತಾರೆಂದು ಮನೆಯವರ ಲೆಕ್ಕ. ಮದುವೆಯಾದಾಗಿನಿಂದ ಅತ್ತೆ ಸೊಸೆಯ ನಡುವೆ ಒಂದು ಗಟ್ಟಿ ಮಾತು ಬಂದಿರಲಿಲ್ಲ. ಆದರೆ ಇತ್ತೀಚೆಗೆ ಅದೇನಾಯಿತೋ, ಅತ್ತೆ ಕೂತಲ್ಲಿ ನಿಂತಲ್ಲಿ ತಪ್ಪು ಹುಡುಕತೊಡಗಿದ್ದರು. ನೆಂಟರು ಬಂದಿದ್ದಾಗ ಅವರೆದುರೇ, "ನಮ್ಮನೇಲಿ ಪರದೆ ಒಗೀಬೇಕು ಅಂದ್ರೆ ಅದು ತಾನಾಗೇ ಕೊಳೆತು ಕೆಳಗೆ ಬೀಳಬೇಕು," ಎಂದಿದ್ದರು. ಬೆಣ್ಣೆ ಎದುರು ಮಾತಾಡಿದ್ದಳು. ಮಾತಿಗೆ ಮಾತು ಬೆಳೆದಿತ್ತು.

ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಗಂಡನಿಗೆ ಹೇಳಿದ್ದಳು: "ನಿಮ್ಮಮ್ಮ ಮೊದಲು ಹೀಗಿರ್ಲಿಲ್ಲ ರೀ. ನನ್ನ ಕಂಡ್ರೆ ಆಗ್ತಿಲ್ಲ ಅವರಿಗೆ. ಸ್ವಲ್ಪ ದಿನ ನಾದಿನಿ ಮನೇಲಿ ಇರ್ಲಿ."

ಗಂಡ ತಲೆ ಕೆರೆದುಕೊಂಡು, "ಸರಿ, ತಂಗಿ ಹತ್ರ ಮಾತಾಡ್ತೀನಿ," ಎಂದಿದ್ದ.

ಅದಾದ ಎರಡು ದಿನಕ್ಕೆ ಬೆಣ್ಣೆಯ ಪರದೆಯ ಮೇಲೆ ಸುಮ್ನಿರಮ್ಮನ ಹೆಸರು ಕೆಂಪಾಯಿತು. ಅವಳು ಅಭ್ಯಾಸಬಲದಿಂದ ಹೊಸ ಬರಹವನ್ನು ತೆರೆದಳು.

'ಇದೊಂದು ಬರೆದು ನಿಲ್ಲಿಸುತ್ತೇನೆ,' ಎಂದು ಶುರುವಾಗಿತ್ತು. 'ಯಜಮಾನರು ಹೋದ ಮೇಲೆ ಅವರ ಹಸಿರು ಸ್ವೆಟರ್ ಒಂದನ್ನು ಇಟ್ಟುಕೊಂಡಿದ್ದೆ. ಸೊಸೆ ಅದನ್ನು ಗೊತ್ತಿಲ್ಲದೆ ಬಿಸಿನೀರಲ್ಲಿ ಮೆಷಿನ್ನಿಗೆ ಹಾಕಿದಳು. ಅದು ಕುಗ್ಗಿ ಕೈಗೂಸಿಗೆ ಹಾಕುವಷ್ಟಾಯಿತು. ಹೆದರಿ ಅದನ್ನು ಹಳೇ ಸೂಟ್‌ಕೇಸಿನಲ್ಲಿ ಸೀರೆಯ ಕೆಳಗೆ ಅಡಗಿಸಿಟ್ಟಳು. ನಾನು ನೋಡಿದೆ. ಹೇಳಲಿಲ್ಲ. ಹೆದರಿದ ಮುಖ ನೋಡಿ ಅಯ್ಯೋ ಅನ್ನಿಸಿತು. ಇಷ್ಟು ದಿನ ಅವಳ ಮೇಲೆ ಬರೆದದ್ದರಲ್ಲಿ ಇದನ್ನು ಮಾತ್ರ ಬರೆದಿರಲಿಲ್ಲ.'

ಬೆಣ್ಣೆ ಅದನ್ನು ಮತ್ತೆ ಮೊದಲಿನಿಂದ ಓದಿದಳು. ಸೂಟ್‌ಕೇಸಿನ ವಿಷಯ ಗಂಡನಿಗೂ ಗೊತ್ತಿರಲಿಲ್ಲ. ಸುಮ್ನಿರಮ್ಮ. ಅತ್ತೆ ಬಾಯಿ ತೆರೆದರೆ ಸಾಕು, ಅವಳ ಗಂಡ ಅವರಿಗೆ ಹೇಳುವ ಮಾತು ಅದೊಂದೇ. ಅದನ್ನೇ ಹೆಸರು ಮಾಡಿಕೊಂಡಿದ್ದರು. ಗುರುತು ಸಿಗದಿರಲೆಂದು ಸೊಸೆಯನ್ನು ಬ್ಯಾಂಕಿನ ಕೆಲಸಕ್ಕೆ ಹಾಕಿದ್ದರು, ಅಷ್ಟೇ.

ಖಾಸಗಿ ಸಂದೇಶವೂ ಬಂದಿತ್ತು. 'ಕಿಟಕಿ, ನೀನು ಹೇಳಿದೆ ಅಂತ ಬರೆಯೋಕೆ ಏನಾದರೂ ಸಿಗಲಿ ಎಂದು ಜಗಳ ತೆಗೆದೆ. ಈಗ ಜಗಳ ಮಾತ್ರ ಉಳಿದಿದೆ. ನನ್ನನ್ನು ಮಗಳ ಮನೆಗೆ ಕಳಿಸುತ್ತಾರಂತೆ. ಬಾಗಿಲು ಹಾಕಿಕೊಂಡೇ ಮಾತಾಡಿದರು, ಆದರೆ ನಮ್ಮ ಗೋಡೆ ತೆಳು.'

ಬೆಣ್ಣೆ ಹಳೆಯ ಸಂದೇಶಗಳಿಗೆ ಹೋದಳು. ಎಲ್ಲ ಅವಳವೇ. 'ಜಗಳದ ಬರಹಕ್ಕೆ ಓದುಗರು ಮುಗಿಬೀಳ್ತಾರೆ ಅಕ್ಕಾ.' 'ಈ ಸಲ ನುಂಗಿಕೊಂಡು ಕೂರಬೇಡಿ. ನಾಲ್ಕು ಜನರೆದುರು ಒಂದು ಮಾತು ಅಂದು ನೋಡಿ, ಮುಖ ಹೇಗಾಗುತ್ತೆ ಅಂತ ಬರೀರಿ.' ಕಳಿಸಿದ ತಾರೀಖು ನೋಡಿದಳು. ಮಾರನೆಯ ದಿನವೇ ನೆಂಟರು ಬಂದಿದ್ದರು. ಪರದೆ ಒಗೆಯುವ ಮಾತು ಅಂದೇ ಬಂದದ್ದು. ಇಲ್ಲಿ ಕೂತು ತಾನು ಹಚ್ಚಿದ ಕಿಡಿ ಸಂಜೆ ತನ್ನ ಮನೆಯಲ್ಲೇ ಉರಿಯುತ್ತಿತ್ತು. ಅದಕ್ಕೆ ಅವಳು ಅತ್ತೆಯನ್ನು ಬೈಯುತ್ತಿದ್ದಳು.

"ಏನು, ಕೆಂಪಾಯ್ತಾ?" ಗ್ರಾಫಣ್ಣ ಬೆನ್ನ ಹಿಂದೆ ನಿಂತಿದ್ದ. ಸಂದೇಶದ ಮೇಲೆ ಕಣ್ಣಾಡಿಸಿದ. "ಮನೆಯಿಂದ ಕಳಿಸ್ತಾರಂತಾ? ವಾಹ್! ಬಿಡಬೇಡ ಇವರನ್ನ. ಒಂದೊಂದೇ ಕಂತು ಬರೆಸು. ಗಂಟು ಕಟ್ಟೋದೊಂದು, ಮಗ ಅಳೋದೊಂದು."

"ಸಾರ್, ಇವರು ನಮ್ಮತ್ತೆ."

ಗ್ರಾಫಣ್ಣ ಮೊದಲ ಬಾರಿಗೆ ಅವಳ ಮುಖ ನೋಡಿದ. ಆಮೇಲೆ ಹುಬ್ಬೇರಿಸಿ, "ಇನ್ನೂ ಒಳ್ಳೇದಾಯ್ತಲ್ಲ," ಎಂದ. "ಒಳಗಿನ ವಿಷಯ ನಿನಗೇ ಗೊತ್ತಿರುತ್ತೆ."

ಅವಳು ಬ್ಯಾಗು ಎತ್ತಿಕೊಂಡು ಹೊರಗೆ ಬಂದಳು. ಲಿಫ್ಟಿಗೂ ಕಾಯಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು, "ಹುಷಾರಿಲ್ವಾ?" ಎಂದು ಕೇಳಿದಾಗಲೇ ತನ್ನ ಹಲ್ಲು ಕಟಕಟ ಎನ್ನುತ್ತಿರುವುದು ಅವಳಿಗೆ ಗೊತ್ತಾದದ್ದು.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಮಡಚುತ್ತಿದ್ದರು. ಮಡಚಿದವನ್ನು ಬೀರುವಿಗೆ ಇಡದೆ ಚೀಲದೊಳಕ್ಕೆ ಇಡುತ್ತಿದ್ದರು. ಸೊಸೆಯನ್ನು ಕಂಡು, "ಇಷ್ಟು ಬೇಗ ಬಂದ್ಯಾ?" ಎಂದರು.

"ಅತ್ತೆ, ಕಿಟಕಿ ಗೆಳತಿ ಅಂತ ಒಬ್ಬಳಿದಾಳಲ್ಲ…"

ಅತ್ತೆಯ ಕೈಯಿಂದ ಟವೆಲು ಜಾರಿತು. "ನಿಂಗ್ಹೇಗೆ ಗೊತ್ತು? ನನ್ನ ಟ್ಯಾಬ್ಲೆಟ್ ನೋಡಿದ್ಯಾ?"

"ಇಲ್ಲ ಅತ್ತೆ. ಅದು ನಾನೇ."

"ಏನು ನೀನೇ?"

"ಕಿಟಕಿ ಗೆಳತಿ ನಾನೇ. ಅದು ನನ್ನ ಕೆಲಸ. ಬರೆಯೋರು ಬಿಟ್ಟು ಹೋಗದ ಹಾಗೆ ಮಾತಾಡಿಸ್ತಾ ಇರೋದು. ನೀವು ಅಂತ ನಂಗೆ ಗೊತ್ತಿರ್ಲಿಲ್ಲ. ಇವತ್ತು ಸ್ವೆಟರ್ ವಿಷಯ ಓದಿದಾಗ ಗೊತ್ತಾಯ್ತು."

ಅತ್ತೆ ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. ಮಂಚದ ಅಂಚಿನಲ್ಲಿ ನಿಧಾನಕ್ಕೆ ಕೂತರು.

"ನನಗೆ ಜ್ವರ ಬಂದಾಗ ಬೆಳಗ್ಗೆ ಎದ್ದ ತಕ್ಷಣ ಕೇಳಿದ್ದು?"

"ನಾನೇ ಅತ್ತೆ."

"ನೀನು ಅವತ್ತು ನನ್ನ ಕೋಣೆಗೇ ಬರ್ಲಿಲ್ಲವಲ್ಲೇ."

ಅಂದು ಬೆಳಗ್ಗೆ ಬೆಣ್ಣೆ ಅಡುಗೆಮನೆಯಲ್ಲಿ ನಿಂತೇ, ಒಂದು ಕೈಯಲ್ಲಿ ಕಾಫಿ ಹಿಡಿದು, ಯಾರೋ ಅಪರಿಚಿತ ಹೆಂಗಸಿಗೆ 'ಜ್ವರ ಇಳೀತಾ ಅಕ್ಕಾ?' ಎಂದು ಕಳಿಸಿದ್ದಳು. ಆ ಹೆಂಗಸು ಪಕ್ಕದ ಕೋಣೆಯಲ್ಲಿ ಮಲಗಿದ್ದರು.

ಅಷ್ಟರಲ್ಲಿ ದಿಂಬಿನ ಪಕ್ಕದಲ್ಲಿದ್ದ ಟ್ಯಾಬ್ಲೆಟ್ ಟಿಂಗ್ ಎಂದಿತು. ಅತ್ತೆ ಎತ್ತಿ ನೋಡಿದರು. ನೋಡಿದವರು ಅದನ್ನು ಸೊಸೆಯ ಕಡೆ ತಿರುಗಿಸಿದರು.

'ಅಕ್ಕಾ, ಯಾಕೆ ಮೌನ? ನಿಮ್ಮನ್ನ ಕಳಿಸ್ತಾರೆ ಅಂತ ಓದಿ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಸೊಸೆ ಏನಂದಳು? ಒಂದೂ ಬಿಡದೆ ಬರೀರಿ. ಇಂತಿ ನಿಮ್ಮ ಕಿಟಕಿ.'

"ನೀನು ಇಲ್ಲೇ ಇದೀಯ," ಎಂದರು ಅತ್ತೆ. ಧ್ವನಿ ಪಿಸುಮಾತಿನಷ್ಟಿತ್ತು. "ನಿನ್ನ ಕೈಯಲ್ಲಿ ಏನೂ ಇಲ್ಲ. ಹಾಗಾದ್ರೆ ಇದ್ಯಾರು?"

"ಗೊತ್ತಿಲ್ಲ ಅತ್ತೆ. ನನ್ನ ಕುರ್ಚೀಲಿ ಆಗಲೇ ಇನ್ಯಾರನ್ನೋ ಕೂರಿಸಿದಾರೆ."

ಇಬ್ಬರೂ ಆ ಅಕ್ಷರಗಳನ್ನು ದಿಟ್ಟಿಸಿದರು. ಅದು ಬೆಣ್ಣೆಯದೇ ಮಾತಿನ ಧಾಟಿ. ಒಂದು ಅಕ್ಷರವೂ ಆಚೀಚೆಯಿಲ್ಲ.

"ಅಳಿಸು ಇದನ್ನ," ಎಂದರು ಅತ್ತೆ. "ನನ್ನ ಕೈಲಿ ಆಗಲ್ಲ."

ಖಾತೆ ಅಳಿಸಲು ಹೋದರೆ, ಹೋದವರ ಕಾಯಿನ್‌ಗಳೂ ಹೋಗುತ್ತವೆಂದು ತಾಣ ಎರಡೆರಡು ಸಲ ಎಚ್ಚರಿಸಿತು. ಅತ್ತೆ ಅದನ್ನು ಓದಲೂ ಇಲ್ಲ. ಬೆಣ್ಣೆ ಒತ್ತಿದಳು.

ಸಂಜೆ ಗಂಡ ಬಂದು ಎಲ್ಲ ಕೇಳಿ ಬೆಪ್ಪಾಗಿ ನಿಂತ. ನಾದಿನಿಯ ಮನೆಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಬೆಣ್ಣೆ ಕೆಲಸ ಬಿಟ್ಟಳು. ಆದರೆ ಮನೆಯಲ್ಲಿ ಎಲ್ಲವೂ ಹಾಲು ಜೇನಾಯಿತೆಂದರೆ ಸುಳ್ಳಾದೀತು. ಅತ್ತೆ ಯಾರನ್ನೋ ಕಳೆದುಕೊಂಡವರ ಹಾಗೆ ಇದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಏಳುತ್ತಿದ್ದರು. ಸೊಸೆಯ ಮೇಲೆ ಸಿಟ್ಟಿದ್ದಂತಿರಲಿಲ್ಲ. ಸೊಸೆಯ ಮುಖದಲ್ಲಿ ಬೇರೆ ಯಾರನ್ನೋ ಹುಡುಕಿ ಸಿಗದೆ ಕಣ್ಣು ತಿರುಗಿಸುತ್ತಿದ್ದರು.

ಒಂದು ದಿನ ಇಬ್ಬರೂ ಬಟಾಣಿ ಸುಲಿಯುತ್ತ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು:

"ಅವಳ ಕಿಟಕಿ ಹೊರಗೆ ಒಂದು ದೊಡ್ಡ ಮರ ಇದೆ, ಎರಡು ಅಳಿಲು ಬರ್ತವೆ ಅಂತ ಬರೆದಿದ್ದಳು. ಅದಾದ್ರೂ ನಿಜಾನಾ?"

ಬೆಣ್ಣೆ ಸುಳ್ಳು ಹೇಳಬಹುದಿತ್ತು. ಹೇಳಿ ಹೇಳಿ ನಾಲಿಗೆ ಪಳಗಿತ್ತು.

"ಇಲ್ಲ ಅತ್ತೆ. ಆ ಆಫೀಸಿನಲ್ಲಿ ಕಿಟಕೀನೇ ಇರ್ಲಿಲ್ಲ."

ಅತ್ತೆಯ ಕೈ ನಿಂತಿತು. ಅವರು ತಲೆಯೆತ್ತಿ, ಅಷ್ಟು ದಿನಗಳಲ್ಲಿ ಮೊದಲ ಸಲ, ಸೊಸೆಯನ್ನೇ ನೋಡಿದರು.

"ಬೆಳಗ್ಗೆಯಿಂದ ಸಂಜೆ ತನಕ?" ಎಂದರು ದಿಗಿಲಿನಿಂದ. "ಒಂದೂ ಇರ್ಲಿಲ್ವಾ?"