ನೂರ ಎರಡು ಹಲಗೆ, ಮೇಲೊಂದು ಕಲ್ಲು

ನೆಲಕ್ಕೆ ಸಣ್ಣ ಕಲ್ಲು ಕೂರಿಸಿ ಚಿತ್ತಾರ ಬಿಡಿಸುವುದರಲ್ಲಿ ಅಪ್ಪನದು ಎತ್ತಿದ ಕೈ. ಆದರೆ ನಕ್ಷೆಯನ್ನು ಕಾಗದಕ್ಕೆ ಇಳಿಸುವ ಜಾಯಮಾನ ಮಾತ್ರ ಅವನದಲ್ಲ; ಎಲ್ಲ ತಲೆಯಲ್ಲೇ. ಲಕ್ವ ಹೊಡೆದು ಮಾತು ನಿಂತ ಮೇಲೆ ಆ ತಲೆಯಿಂದ ಹೊರಬಂದದ್ದು ಒಂದೇ ಸಂಖ್ಯೆ. ಸ್ಲೇಟಿನ ಮೇಲೆ ಎಡಗೈಯಲ್ಲಿ ಸೊಟ್ಟಗೆ ಬರೆಯುತ್ತಿದ್ದ: 10201. ಅಳಿಸಿದರೆ ಮತ್ತೆ ಅದೇ.

ಹೊಸ ನೆಲಕ್ಕೆಂದು ಅಪ್ಪ ಮೂಟೆ ಕಟ್ಟಿಟ್ಟಿದ್ದ ಕಲ್ಲುಗಳನ್ನು ಮಗಳು ಎರಡು ಸಲ ಎಣಿಸಿದ್ದಳು. ಕಲ್ಲೆಣಿಸುವ ನೂರು ಕುಳಿಗಳ ಹಲಗೆಗಳಲ್ಲಿ ಕಪ್ಪು ಕಲ್ಲು ಐವತ್ತೊಂದು ಹಲಗೆ, ಬಿಳಿಯದೂ ಐವತ್ತೊಂದು. ಒಟ್ಟು 10200.

ಅಪ್ಪನ ಕೆಲಸದ ಶೆಡ್ಡಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಚಿಕ್ಕಪ್ಪ ಹೇಳಿದ, "ಅಣ್ಣನ ಲೆಕ್ಕ ತಪ್ಪೋಕೆ ಶುರುವಾಗಿದೆ ಕಣಮ್ಮಾ. ನೂರು ಸಾಲು, ಸಾಲಿಗೆ ನೂರ ಎರಡು. ಕೂರಿಸಿ ಮುಗಿಸು. ಮುಂದಿನ ಕೆಲಸ ಎಲ್ಲಾ ನಾನೇ ನೋಡ್ಕೋತೀನಿ."

ಚಿಕ್ಕಪ್ಪ ಕೆಟ್ಟವನಲ್ಲ, ಅವಸರದವನು. ಆದರೂ ಅವಳು ಕಲ್ಲು ಕೂರಿಸಲು ಏಳಲಿಲ್ಲ. ಅಪ್ಪನ ಬುದ್ಧಿಯೂ ಹೋಯಿತೆಂದು ಒಪ್ಪಿಕೊಂಡರೆ ಅಪ್ಪನಲ್ಲಿ ಉಳಿಯುವುದಾದರೂ ಏನು?

ಚಿಕ್ಕವಳಿದ್ದಾಗ ಅಪ್ಪ ಊಟಕ್ಕೆ ಕೂತಾಗೆಲ್ಲ ದೊಡ್ಡದೊಂದು ಸಂಖ್ಯೆ ಕೊಟ್ಟು, "ಇದು ಯಾರ ಮಗ್ಗಿಗೆ ಸಿಗುತ್ತೆ, ಹೇಳು ನೋಡೋಣ" ಎಂದು ಕಾಡುತ್ತಿದ್ದ. ಅದು ನೆನಪಾಗಿ ಅವಳೀಗ 10201 ಬರೆದಿದ್ದ ಸ್ಲೇಟು ಎಳೆದುಕೊಂಡು ಕೂತಳು. ಎರಡಕ್ಕೆ ಸಿಗಲಿಲ್ಲ. ಮೂರು, ಐದು, ಏಳು, ಹನ್ನೊಂದು, ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಎಂಥಾ ಮೊಂಡು ಸಂಖ್ಯೆ, ಥೇಟ್ ಅಪ್ಪನ ಹಾಗೆ! ತೊಂಬತ್ತೇಳೂ ಮುಗಿದು ನೂರ ಒಂದಕ್ಕೆ ಬಂದಾಗ ಶೇಷವಿಲ್ಲದೆ ಹೋಯಿತು. ಬಂದ ಉತ್ತರವೂ ನೂರ ಒಂದೇ.

ಅಂದರೆ ಆ ಸಂಖ್ಯೆಯ ಕಲ್ಲುಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ದಾರಿ ಎರಡೇ: ಒಂದೇ ಉದ್ದ ಸಾಲು, ಇಲ್ಲವೇ ನೂರ ಒಂದರ ಚೌಕ. ಚೌಕಕ್ಕೆ ಸರಿಯಾಗಿ ನಟ್ಟನಡುವೆ ಒಂದು ಕಲ್ಲು ಬೇಕು. ಸುತ್ತಲೂ ಕಪ್ಪು ಬಿಳುಪು ಒಂದು ಬಿಟ್ಟು ಒಂದು ಬಂದರೆ ಎರಡೂ ಸಮಸಮ.

ಅವಳು ಹಣೆ ಚಚ್ಚಿಕೊಂಡಳು. ಹಲಗೆ ತುಂಬದೆ ಉಳಿದ ಬಿಡಿ ಕಲ್ಲನ್ನು ಡಬ್ಬಿಗೆ ಹಾಕುವುದು ಶೆಡ್ಡಿನ ರೂಢಿ, ಕಲಿಸಿದವನು ಅಪ್ಪನೇ. ಮೂಟೆಯ ತಳದಲ್ಲಿ ಒಂಟಿ ಕೆಂಪು ಕಲ್ಲು ಸಿಕ್ಕಿತ್ತು. ಬೇರೆ ಕೆಲಸದ್ದು ಸೇರಿಕೊಂಡಿರಬೇಕೆಂದು ಅದನ್ನು ಡಬ್ಬಿಗೆ ಹಾಕಿದ್ದಳು.

ಡಬ್ಬಿ ಬೋರಲು ಹಾಕಿ ಹುಡುಕಿ, ಕೆಂಪು ಕಲ್ಲನ್ನು ಅಪ್ಪನ ಅಂಗೈಯಲ್ಲಿಟ್ಟಳು. ಅಪ್ಪ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಇಬ್ಬರ ಕಣ್ಣಲ್ಲೂ ನೀರು ಬಂತು.

"ತಪ್ಪಾಯ್ತಪ್ಪಾ. ನಿನ್ನ ಲೆಕ್ಕ ಸರಿಯಾಗೇ ಇತ್ತು."

ಚಿಕ್ಕಪ್ಪ ತಾನೂ ಒಮ್ಮೆ ಗುಣಿಸಿ ನೋಡಿದ. ಆಮೇಲೆ ಬೀಗದ ಕೈಯನ್ನು ಅಪ್ಪನ ಕುರ್ಚಿಯ ಪಕ್ಕದ ಮೊಳೆಗೆ ನೇತುಹಾಕಿದ.

ಅಪ್ಪ ಸ್ಲೇಟು ಒರೆಸಿದ. ಎಷ್ಟೋ ದಿನಗಳ ಮೇಲೆ ಬೇರೆ ಸಂಖ್ಯೆ ಬರೆದ: 22801.

"ಇದು ಮುಂದಿನ ನೆಲಕ್ಕಾ? ಯಾರ ಮಗ್ಗಿಗೆ ಸಿಗುತ್ತೆ?"

ಅಪ್ಪನ ಅರ್ಧ ಬಾಯಿ ನಕ್ಕಿತು. ಎರಡಕ್ಕೆ ಸಿಗುವುದಿಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಅವಳು ಕಣ್ಣೊರೆಸಿಕೊಂಡು ಮೂರರಿಂದ ಶುರು ಮಾಡಿದಳು.