ಕೊಯ್ದು ನೋಡ್ರಿ ಅಂದವಳು

ಫಿನಾಯಿಲ್ ವಾಸನೆ ಮತ್ತೆ ಬಂತು, ಅಂದರೆ ಯಾರೋ ಆ ಕೋಣೆಯ ಬಾಗಿಲು ತೆರೆದು ಮುಚ್ಚಿದರು — ಒಳಗೆ ಕೂಸಿದೆ, ಇಲ್ಲಿ ಮಂಚದ ಮೇಲೆ ಮಲಗಿದ ಮೌನಮ್ಮನ ಕೂಸು, ಕುಬ್ರಾಬೇಗಂ ಡಾಕ್ಟರಬಾಯಿಯ ಮೇಜಿನ ಮೇಲೆ, ಬೆಳಿಗ್ಗೆ ಹೆತ್ತದ್ದು, ಅಳಲೇ ಇಲ್ಲ, ಮೈ ಬೆಚ್ಚಗಿತ್ತಲ್ಲ, ಸತ್ತದ್ದು ಬೆಚ್ಚಗಿರುತ್ತದೆಯೇ, ಇರುತ್ತದೆ, ಸತ್ತು ಹುಟ್ಟಿದ ಕುರಿಮರಿಯೂ ಇರುತ್ತದೆ, ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೊಸ ಸರ್ಕಾರ ಬಂದ ಮೇಲೆ ಯಾದಗಿರಿಯ ಈ ದವಾಖಾನೆಗೆ ಸುಣ್ಣ ಬಳಿದಿದ್ದಾರೆ, ಉರ್ದು ಬೋರ್ಡಿನ ಕೆಳಗೆ ಕನ್ನಡದ್ದೊಂದು ಬೋರ್ಡು ಬಂದಿದೆ, ಓದು ಬಾರದವಳಿಗೆ ಎರಡೂ ಒಂದೇ. ಬೊಂಬಾಯಿ ಕಡೆಯ ರೈಲು ಕೂಗಿತು. ಗಂಡ ಅಮೋಘಸಿದ್ದ ಹೊರಗೆ ಬೇವಿನ ಕೆಳಗೆ ಕೂತಿದ್ದಾನೋ, ಶಹಾಪುರದ ಬಸ್ಸು ಹತ್ತಿಬಿಟ್ಟನೋ, ಹತ್ತಿದರೂ ಹತ್ತಲಿ, ಬಾಯಾರಿದರೆ ನೀರು ಕೊಡುವುದಕ್ಕೂ ಒಬ್ಬರಿಲ್ಲ. ಅತ್ತೆ ಭೀಮವ್ವ ಆಗಲೇ ಹೋಗಿಯಾಯಿತು, ಡಾಕ್ಟರಬಾಯಿಯ ಎದುರಿಗೇ ಅಂದದ್ದು ಮಾತ್ರ ಕಿವಿಯಲ್ಲೇ ಕೂತಿದೆ, ಬಸುರಿ ಹೆಂಗಸು ಈಯೋ ಕುರಿ ಮುಟ್ಟಬಾರದಂತ ಬಡಕೊಂಡೆ, ಮುಟ್ಟಿದಿ, ಮುಟ್ಟಿ ಕೂಸಿನ್ನ ತಿಂದಿ. ಮುಟ್ಟಿದ್ದಳು, ಹೌದು, ಹಟ್ಟಿಯಲ್ಲಿ ಗಂಡಸರಿರಲಿಲ್ಲ, ಆ ಕರಿಕುರಿ ಮರಿ ಸಿಕ್ಕಿಕೊಂಡು ಒದ್ದಾಡುತ್ತಿದೆ, ಕಣ್ಣು ಮೇಲೆ ಮಾಡಿದೆ, ನೋಡಿಕೊಂಡು ಹೇಗೆ ನಿಂತಾಳು, ಕೈ ಹಾಕಿ ಎಳೆದಳು, ಸತ್ತ ಮರಿ, ನಾತ — ಆ ಕೈಯಿಂದಲೇ ಹೊಟ್ಟೆ ಸವರಿಕೊಂಡಳೇ, ಸವರಿಕೊಂಡಿರಬೇಕು, ದಿನಾ ಸವರಿಕೊಳ್ಳುತ್ತಿದ್ದಳಲ್ಲ. ಸಂಜೆ ಅಮೋಘಸಿದ್ದ ಆ ಮರಿಯನ್ನು ಬಂಡೆಯ ಮೇಲೆ ಹಾಕಿ ಚೂರಿಯಿಂದ ಕೊಯ್ದು ನೋಡಿದ, ಕುರಿ ಸಾಕುವವರ ಪದ್ಧತಿಯೇ ಅದು, ಕರುಳು ನೋಡಬೇಕು, ಪಿತ್ತ ನೋಡಬೇಕು, ಹಿಂಡಿಗೆ ಬೇನೆ ಹತ್ತಿದೆಯೋ ಇಲ್ಲವೋ ತಿಳಿಯಬೇಕು. ಏನು ಕಂಡನೋ, ಹೇಳಲಿಲ್ಲ, ಕೈ ತೊಳೆದುಕೊಂಡ.

ಅದೇ ಮನುಷ್ಯ ಇವತ್ತು, ಯಾಕೆ ಸತ್ತಿತು ಅಂತ ಕೊಯ್ದು ನೋಡಲೇ ಅಂತ ಡಾಕ್ಟರಬಾಯಿ ಕೇಳಿದ್ದಕ್ಕೆ ಒಲ್ಲೆ ಅಂದ, ಎದ್ದ, ಗಂಡಸರಿಗೆ ಎದ್ದು ಹೋಗಲು ಬಾಗಿಲಿರುತ್ತದೆ. ಗಾಯವಿಲ್ಲದೆ ಮಣ್ಣಿಗಿಟ್ಟ ಕೂಸು ಅದೇ ಹೊಟ್ಟೆಗೆ ಮರಳಿ ಬರುತ್ತದಂತೆ, ಕೊಯ್ದದ್ದು ಬರುವುದಿಲ್ಲವಂತೆ. ಬರಲಿ ಎಂಬ ಆಸೆ ಅವಳಿಗಿಲ್ಲವೇ, ಬಂದರೆ ಯಾವ ಕೈಯಿಂದ ಎತ್ತಿಕೊಳ್ಳಬೇಕು, ಕೊಂದದ್ದೋ ಅಲ್ಲವೋ ಗೊತ್ತೇ ಇಲ್ಲದ ಈ ಕೈಯಿಂದಲೇ — ಕುರಿಮರಿ ಸತ್ರ ಕೊಯ್ದು ನೋಡ್ತೀರಿ, ನಿಮ್ಮ ಕೂಸು ಯಾಕ ಸತ್ತೈತಂತ ನೋಡೂದು ಬ್ಯಾಡೇನ್ರಿ. ಮದುವೆಯಾದಾಗಿನಿಂದ ಅವನಿಗೆ ಎದುರಾಡಿದ್ದು ಇದೊಂದೇ, ಅವನು ಹೊಸ್ತಿಲು ದಾಟಿದ. ಕೊಯ್ದು ನೋಡ್ರಿ ಬಾಯಾರ, ನಾ ಹೆತ್ತಾಕಿ ಹೇಳಾಕತ್ತೇನಿ. ಈಗ ಬಾಗಿಲು ತೆರೆಯಿತು, ಡಾಕ್ಟರಬಾಯಿಯೇ, ಒದ್ದೆ ಕೈ, ಮಂಚದ ಅಂಚಿಗೆ ಕೂತಳು, ಇವಳ ಮಂದಿಯೆಲ್ಲ ಹೈದರಾಬಾದು ಬಿಟ್ಟು ಕರಾಚಿಗೆ ಹೋದರಂತೆ, ಇವಳೊಬ್ಬಳೇ ಉಳಿದಳಂತೆ, ಅದಕ್ಕೇ ಇರಬೇಕು ಒಂಟಿಯಾದವರ ಹತ್ತಿರ ಹೀಗೆ ಬಂದು ಕೂರುತ್ತಾಳೆ. ಬೇನಿ ಏನೂ ಇಲ್ಲಮ್ಮಾ, ಕುರಿದೂ ಇಲ್ಲ, ನಿಂದೂ ತಪ್ಪಿಲ್ಲ, ಹೊಕ್ಕಳಬಳ್ಳಿ ಗಂಟು ಬಿದ್ದದ, ಬಿಗಿದದ. ಹೆತ್ತಾಗಲೇ ಗಂಟು ಕಂಡಿತ್ತಂತೆ, ಗಂಟು ಬಿದ್ದೂ ಬದುಕುವ ಕೂಸುಗಳಿರುತ್ತವಂತೆ, ಬೇರೆ ಬೇನೆ ಇಲ್ಲವೆಂದು ಕೊಯ್ದು ಖಾತ್ರಿ ಮಾಡಿಕೊಳ್ಳಬೇಕಿತ್ತಂತೆ. ಯಾರ್ ಹಾಕ್ಯಾರ್ರಿ ಗಂಟು? ಕೂಸೇ ಹಾಕ್ಕೊಂಡದಮ್ಮಾ, ಒಳಗ ಆಡಕೋತ. ಓಢಣಿಯ ಸೆರಗಿಗೆ ಸಡಿಲವಾಗಿ ಒಂದು ಗಂಟು ಹಾಕಿ ತೋರಿಸಿದಳು, ಎಳೆದಳು, ಬಿಗಿಯಿತು, ಬಿಚ್ಚಿದಳು, ಹೋದಳು. ಕೈ ತಪ್ಪು ಮಾಡಿಲ್ಲ, ಹಾಗಾದರೆ ಎದೆ ಹಗುರಾಗಬೇಕಲ್ಲ, ಅತ್ತೆಗೆ ಹೇಳಬೇಕು, ಅವನಿಗೆ ಹೇಳಬೇಕು, ಯಾಕಾಗುತ್ತಿಲ್ಲ — ಆಡುತ್ತಿತ್ತು, ಹೌದು, ಪಲ್ಟಿ ಹೊಡೆಯುತ್ತಿತ್ತು, ಅವಳು ನಗುತ್ತಿದ್ದಳು, ಒದಿ ಮಗನ ಒದಿ ಅನ್ನುತ್ತಿದ್ದಳು, ಆಗಲೇ ಬಿತ್ತೇನೋ, ನಗುವಾಗಲೇ. ಮಳೆಯಲ್ಲಿ ನೆನೆದು ಬಿಗಿದ ಕುರಿಹಗ್ಗದ ಗಂಟು ಹಲ್ಲಿನಿಂದ ಬಿಚ್ಚಿದವಳು, ಉಗುರಿನಿಂದ ಬಿಚ್ಚಿದವಳು, ಹಟ್ಟಿಯಲ್ಲಿ ಯಾರಿಗೂ ಬಿಚ್ಚಲಾಗದ್ದು ಅವಳ ಕೈಗೇ ಬರುತ್ತಿತ್ತು, ಮತ್ತೆ ಇದು, ಅವಳದೇ ಚರ್ಮದ ಕೆಳಗೆ, ಸವರುವ ಕೈಯ ಕೆಳಗೇ, ಎರಡು ಬೆರಳು ಹೋಗಿದ್ದರೆ ಸಾಕಿತ್ತು, ಗಂಟು, ಇಷ್ಟೇ ಇಷ್ಟು, ಒಂದು ಗಂಟು —